ಅಡ್ಜಸ್ಟ್ ಮಾಡ್ಕೊಳಲ್ಲ ಸ್ವಾಮಿ, ನಮಗೆ ಬಿಸಿನೀರು ಬೇಕು

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಬರಹ. ಕವನ, ಪ್ರವಾಸ ಕಥನ ಅಂತ ಆಸೆಯಿಂದ ಬಂದವರು ಕ್ಷಮಿಸಬೇಕು. ಎರಡು ತಿಂಗಳಿಂದ ನನ್ನ ತಲೆಯಲ್ಲಿ ಓಡುತ್ತಿರುವುದು ಒಂದೇ ವಿಷಯ, ಸೋಲಾರ್ ನೀರು. ಆಫೀಸಿನಲ್ಲಿ ನಾನು ಕಾಫಿ ಹಿಡಿದು ಬಂದರೆ ಸಹೋದ್ಯೋಗಿಗಳು ಮೆಲ್ಲಗೆ ಬೇರೆ ಟೇಬಲ್ಲಿಗೆ ಜಾಗ ಬದಲಿಸುತ್ತಾರೆ. ಇನ್ನು ಉಳಿದವರು ನೀವೇ :-)

ನಮ್ಮದು ಚಾಮರಾಜಪೇಟೆ. 1892ರಲ್ಲಿ ಕಟ್ಟಿದ ಬಡಾವಣೆ, ತಾತನ ಕಾಲದ ಹೆಂಚಿನ ಮನೆ, ಹಿಂದೆ ಬಾವಿ, ಎರಡು ತೆಂಗಿನ ಮರ. ಎಲ್ಲ ಮನೆಗಳಲ್ಲಿ ಆಗುವ ಹಾಗೆ ನಮ್ಮಲ್ಲೂ ಪಾಲಾಯಿತು. ಅಪ್ಪನ ಪಾಲಿಗೆ ಬಂದದ್ದು 20 ಅಡಿ ಅಗಲ, 50 ಅಡಿ ಉದ್ದದ ಒಂದು ಪಟ್ಟಿ. ಅದರ ಮೇಲೆ ಅಪ್ಪ ತಮ್ಮ ಪಿಎಫ್, ಗ್ರಾಚ್ಯುಟಿ ಎಲ್ಲ ಸುರಿದು, ಸಾಲದ್ದಕ್ಕೆ ನನ್ನ ಹೆಸರಲ್ಲಿ ಸಾಲ ತೆಗೆದು, ಮೂರು ಅಂತಸ್ತಿನ ಮನೆ ಕಟ್ಟಿಸಿದರು. ಕೆಳಗೆ ಅಜ್ಜಿ, ಅಪ್ಪ, ಅಮ್ಮ. ಮಧ್ಯದಲ್ಲಿ ನಾನು. ಮೇಲಿನದು ಬಾಡಿಗೆಗೆ.

ಕಾಂಟ್ರಾಕ್ಟರ್ ಯಾರು ಅಂತೀರಾ? ಅಪ್ಪನ ಹಳೇ ಸ್ಟೂಡೆಂಟು! ಅಪ್ಪ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಈ ಮನುಷ್ಯ ಮೊದಲ ದಿನ ಬಂದವನೇ ಅಪ್ಪನ ಕಾಲಿಗೆ ನಮಸ್ಕಾರ ಮಾಡಿದ. "ಮೇಷ್ಟ್ರೇ, ನಿಮ್ಮ ಮನೆ ಅಂದ್ರೆ ನನ್ನ ಮನೆ ಇದ್ದ ಹಾಗೆ" ಅಂದ. ಅಷ್ಟು ಸಾಕಾಯಿತು. ಬೇರೆ ಇಬ್ಬರು ಕೊಟ್ಟಿದ್ದ ಕೊಟೇಶನ್ ಅಪ್ಪ ತೆರೆದೂ ನೋಡಲಿಲ್ಲ. ಒಪ್ಪಂದ ಅಂತ ಆದದ್ದು ಎರಡು ಪುಟದ ಒಂದು ಹಾಳೆ. ಚದರಡಿಗೆ ಇಷ್ಟು, ಇಂಥಿಂಥದ್ದು ಸೇರಿ. ಅದರ ಕೊನೇ ಪುಟದಲ್ಲಿ ಒಂದು ಸಾಲು: 'ಸೋಲಾರ್ ವಾಟರ್ ಹೀಟರ್, 200 ಲೀಟರ್, ಒಂದು.' ಈ ಬರಹ ಪೂರ್ತಿ ಆ ಒಂದು ಸಾಲಿನ ಮೇಲೆ.

ಹೋದ ಮಾಘದಲ್ಲಿ ಗೃಹಪ್ರವೇಶ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸ್ನಾನ ಮಾಡಿದವರೆಲ್ಲ ಆಹಾ ಅಂದರು. ನಲ್ಲಿ ತಿರುಗಿಸಿದರೆ ಹೊಗೆಯಾಡುವ ನೀರು. ಊಟ ಆದ ಮೇಲೆ ಅಪ್ಪ ಕಾಂಟ್ರಾಕ್ಟರಿಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ತಟ್ಟೆಯಲ್ಲೇ ಕೊನೇ ಕಂತಿನ ಚೆಕ್ಕನ್ನೂ ಇಟ್ಟು ಕೊಟ್ಟರು. ಒಂದು ರೂಪಾಯಿ ಬಾಕಿ ಉಳಿಸಿಕೊಳ್ಳಲಿಲ್ಲ. ನಾನು ಪಕ್ಕದಲ್ಲಿ ನಿಂತು ಫೋಟೋ ತೆಗೆದೆ. ಆ ಫೋಟೋ ಈಗಲೂ ಫೋನಿನಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಏಪ್ರಿಲ್ ತಿಂಗಳ ಕರೆಂಟ್ ಬಿಲ್ ಬಂತು. 300 ಯೂನಿಟ್ ದಾಟಿದೆ. ಮನೆಯಲ್ಲಿ ಎಸಿ ಇಲ್ಲ, ಗೀಸರ್ ಇಲ್ಲ. ಒಂದು ಭಾನುವಾರ ಕೂತು ಒಂದೊಂದೇ ಸರ್ಕ್ಯೂಟ್ ಹುಡುಕಿದೆ. ಟೆರೇಸಿಗೆ ಹೋಗುವ ಮೆಟ್ಟಿಲ ಹತ್ತಿರ, ನೀರಿನ ಪಂಪಿನ ಸ್ವಿಚ್ಚಿನ ಪಕ್ಕ, ಹೆಸರು ಬರೆಯದ ಒಂದು ಎಂಸಿಬಿ ಆನ್ ಆಗಿ ಕೂತಿತ್ತು. ಅದು ಸೋಲಾರ್ ಟ್ಯಾಂಕಿನೊಳಗಿನ ಬ್ಯಾಕಪ್ ಕಾಯಿಲ್, ಎರಡು ಕಿಲೋವ್ಯಾಟಿನದು. ಗೃಹಪ್ರವೇಶದ ಹಿಂದಿನ ದಿನದಿಂದ ಅದು ಹಗಲೂ ರಾತ್ರಿ ಕೆಲಸ ಮಾಡಿದೆ. ನಾವು ಎರಡು ತಿಂಗಳು ಸೂರ್ಯ ಸ್ನಾನ ಮಾಡಿಸುತ್ತಿದ್ದಾನೆ ಅಂದುಕೊಂಡಿದ್ದೆವು. ಮಾಡಿಸುತ್ತಿದ್ದದ್ದು ಕರೆಂಟು!

ಆಫ್ ಮಾಡಿದೆ. ಆವತ್ತಿನಿಂದ ಬೆಳಿಗ್ಗೆ ಬರುತ್ತಿರುವುದು ಉಗುರುಬೆಚ್ಚಗಿನ ನೀರು. ಬೇಸಿಗೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜೂನ್‌ನಲ್ಲಿ ಫೋನ್ ಮಾಡಿದೆ.

"ಮಳೆಗಾಲ ಅಲ್ವಾ ಸಾರ್, ಮೋಡ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ."

ಆಗಸ್ಟ್‌ನಲ್ಲಿ ಮತ್ತೆ ಮಾಡಿದೆ.

"ಪೈಪು ಹೊಸದಲ್ವಾ ಸಾರ್, ಸೆಟ್ ಆಗಕ್ಕೆ ಟೈಮ್ ಬೇಕು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ."

ತಾಮ್ರದ ಪೈಪು ಅದೇನು ಮೊಸರೇ ಸೆಟ್ ಆಗೋಕೆ? ಆದರೂ ಸುಮ್ಮನಾದೆ. ಸಿಟ್ಟು ಬಂದರೂ ಸುಮ್ಮನಾಗೋದು ನಮ್ಮ ಮನೆತನದ ಗುಣ.

ಆಮೇಲೆ ದೀಪಾವಳಿ ಬಂತು. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಳೇ ಮನೆಯಲ್ಲಿ ಅಜ್ಜಿ ಬಚ್ಚಲಿನ ತಾಮ್ರದ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಹಚ್ಚಿ, ಹಿಂಡಲೆಕಾಯಿ ಬಳ್ಳಿ ಸುತ್ತುತ್ತಿದ್ದರು. ಆ ಹಂಡೆ ಈಗ ಅಟ್ಟದ ಮೇಲಿದೆ. ನರಕ ಚತುರ್ದಶಿ ಬೆಳಿಗ್ಗೆ ಐದಕ್ಕೆ 86 ವರ್ಷದ ಅಜ್ಜಿ ಮೈತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕೂತಿದ್ದಾರೆ. ನಲ್ಲಿಯಲ್ಲಿ ತಣ್ಣೀರು. ಬಿಟ್ಟು ಬಿಟ್ಟು ಬಿಟ್ಟು ಅರ್ಧ ಬಕೆಟ್ ಹೋದ ಮೇಲೆ ಉಗುರುಬೆಚ್ಚಗೆ ಬಂತು. ಅದರಲ್ಲಿ ಎಣ್ಣೆ ಇಳಿಯುತ್ತದೆಯೇ? ಅಮ್ಮ ಗ್ಯಾಸಿನ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಎರಡೂ ಕಡೆ ಬಟ್ಟೆ ಹಿಡಿದು ಎತ್ತಿಕೊಂಡು ಬಂದರು. ಬಚ್ಚಲಿನ ಹೊಸಲಲ್ಲಿ ಎಣ್ಣೆ ಬಿದ್ದಿತ್ತು. ಕಾಲು ಜಾರಿತು.

ಎಡಗಾಲು, ಪಾದದಿಂದ ಮೊಣಕಾಲಿನ ಕೆಳಗಿನವರೆಗೆ. ಮೂರು ವಾರ ಡ್ರೆಸ್ಸಿಂಗ್. ಹಬ್ಬದ ಅಡುಗೆ ಯಾರೂ ಮಾಡಲಿಲ್ಲ. ಅಜ್ಜಿ ಮಾತ್ರ ಇವತ್ತಿಗೂ "ನನ್ನಿಂದ ಆಯ್ತು" ಅಂತ ಅಳುತ್ತಾರೆ. ನಿಮ್ಮಿಂದ ಅಲ್ಲ ಅಜ್ಜಿ. ಯಾರಿಂದ ಅಂತ ಹೇಳೋಕೇ ನಾನು ಇದನ್ನು ಬರೆಯುತ್ತಿರುವುದು.

ಎಂಜಿನಿಯರಿಂಗ್ ಓದಿದ್ದಕ್ಕೆ ಒಂದು ಸಾರ್ಥಕತೆ ಬೇಕಲ್ಲ? ಎಸ್‌ಪಿ ರೋಡಿಗೆ ಹೋಗಿ ನೀರಿಗೆ ಹಾಕಬಹುದಾದ ಎರಡು ಸೆನ್ಸರು, ಒಂದು ಸಣ್ಣ ಬೋರ್ಡು ತಂದೆ. ಒಂದನ್ನು ಟ್ಯಾಂಕಿನಿಂದ ಹೊರಬರುವ ಪೈಪಿಗೆ ಕಟ್ಟಿದೆ, ಇನ್ನೊಂದನ್ನು ಅಜ್ಜಿಯ ಬಚ್ಚಲಿನ ನಲ್ಲಿಗೆ. ಹತ್ತು ದಿನ, ಐದು ನಿಮಿಷಕ್ಕೊಮ್ಮೆ ಲೆಕ್ಕ. ಜೊತೆಗೆ ಬೆಳಿಗ್ಗೆ ಸಂಜೆ ನಾನೇ ಹತ್ತಿ ಟ್ಯಾಂಕಿನ ಬುಡದಲ್ಲಿ ಒಂದು ಮಗ್ ನೀರು ಬಿಟ್ಟು ಥರ್ಮಾಮೀಟರಿನಲ್ಲಿ ನೋಡುತ್ತಿದ್ದೆ. ಬಿಸಿಲಿದ್ದ ದಿನ ಸಂಜೆ ಐದಕ್ಕೆ ಟ್ಯಾಂಕಿನ ನೀರು 54 ಡಿಗ್ರಿ. ಪರವಾಗಿಲ್ಲ! ಮಾರನೇ ದಿನ ಬೆಳಿಗ್ಗೆ ಐದೂವರೆಗೆ, ಯಾರೂ ಒಂದು ಚೊಂಬು ನೀರನ್ನೂ ಬಳಸದೆ, 36 ಡಿಗ್ರಿ. ರಾತ್ರಿಯಲ್ಲಿ 18 ಡಿಗ್ರಿ ಮಾಯ. ಸರಿಯಾದ ಟ್ಯಾಂಕಿನಲ್ಲಿ ಐದಾರು ಡಿಗ್ರಿ ಇಳಿದರೆ ಹೆಚ್ಚು.

ಯಾಕೆ ಅಂತ ಗೊತ್ತಾಗಬೇಕಾದರೆ ಈ ಯಂತ್ರ ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು. ಬಹಳ ಸರಳ. ಟೆರೇಸಿನ ಮೇಲಿನ ಮಾಮೂಲಿ ಸೋಲಾರಿನಲ್ಲಿ ಪಂಪಿಲ್ಲ, ಮೋಟಾರಿಲ್ಲ. ಕಪ್ಪು ಪ್ಯಾನೆಲ್ಲಿನೊಳಗೆ ತಾಮ್ರದ ಕೊಳವೆಗಳಿವೆ. ಬಿಸಿಲಿಗೆ ಅದರೊಳಗಿನ ನೀರು ಕಾಯುತ್ತದೆ, ಕಾದ ನೀರು ಹಗುರ, ಹಾಗಾಗಿ ತಾನೇ ಮೇಲೇರಿ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿನ ತಳದ ತಣ್ಣೀರು ಭಾರ, ಅದು ಕೆಳಗಿಳಿದು ಪ್ಯಾನೆಲ್ಲಿಗೆ ಬರುತ್ತದೆ. ಹಗಲೆಲ್ಲ ಇದೇ ಪ್ರದಕ್ಷಿಣೆ. ಇದಕ್ಕೆ ಥರ್ಮೋಸೈಫನ್ ಅಂತಾರೆ. ಇದು ನಡೆಯಲು ಇರುವ ಮುಖ್ಯ ಷರತ್ತು, ಟ್ಯಾಂಕಿನ ತಳ ಪ್ಯಾನೆಲ್ಲಿನ ನೆತ್ತಿಗಿಂತ ಮೇಲಿರಬೇಕು, ಕನಿಷ್ಠ ಒಂದಡಿಯಾದರೂ. ಇಲ್ಲದಿದ್ದರೆ ರಾತ್ರಿ ಪ್ರದಕ್ಷಿಣೆ ಅಪ್ರದಕ್ಷಿಣೆ ಆಗುತ್ತದೆ. ಬಯಲಿಗೆ ಮುಖ ಮಾಡಿದ ಪ್ಯಾನೆಲ್ ರಾತ್ರಿ ತಣ್ಣಗಾಗುತ್ತದೆ, ಅದರೊಳಗಿನ ನೀರು ಭಾರವಾಗಿ ಕೆಳಗಿನ ಪೈಪಿನಿಂದ ಟ್ಯಾಂಕಿಗೆ ಸೇರುತ್ತದೆ, ಟ್ಯಾಂಕಿನ ಬಿಸಿನೀರು ಮೇಲಿನ ಪೈಪಿನಿಂದ ಪ್ಯಾನೆಲ್ಲಿಗೆ ಬಂದು ಆಕಾಶಕ್ಕೆ ಬಿಸಿ ಕೊಡುತ್ತ ಕೂರುತ್ತದೆ. ಹಗಲು ಸೂರ್ಯ ನಮಗೆ ಕೊಟ್ಟದ್ದನ್ನು ರಾತ್ರಿ ನಾವು ನಕ್ಷತ್ರಗಳಿಗೆ ವಾಪಸ್ ಕೊಡುವುದು!

ಟೇಪ್ ಹಿಡಿದು ಅಳೆದೆ. ನಮ್ಮ ಟ್ಯಾಂಕಿನ ತಳ ಪ್ಯಾನೆಲ್ಲಿನ ನೆತ್ತಿಗಿಂತ ನಾಲ್ಕು ಇಂಚು ಕೆಳಗಿದೆ. ಮೇಲಿರಬೇಕಾದದ್ದು ಕೆಳಗೆ!

ಯಾಕೆ ಹಾಗೆ ಮಾಡಿದ? ಕಾರಣ ಕಬ್ಬಿಣ. ಬಿಸಿನೀರಿನ ಟ್ಯಾಂಕ್ ಎತ್ತರಿಸಿದರೆ ಅದಕ್ಕೆ ನೀರುಣಿಸುವ ತಣ್ಣೀರಿನ ಟ್ಯಾಂಕ್ ಅದಕ್ಕಿಂತಲೂ ಮೇಲೆ ಇರಬೇಕು. ಅದಕ್ಕೆ ಇನ್ನೂ ಎತ್ತರದ ಸ್ಟ್ಯಾಂಡ್ ಬೇಕು, ವೆಲ್ಡಿಂಗ್ ಬೇಕು. ಆ ಖರ್ಚು ಉಳಿಸಲು ಎಲ್ಲವನ್ನೂ ಕುಳ್ಳಗೆ ಮಾಡಿದ. ಪ್ಯಾನೆಲ್ಲಿನ ಮೇಲೆ ಐಎಸ್ 12933 ಅಂತ ಮುದ್ರೆ ಇದೆ, ಅದರ ತಪ್ಪೇನೂ ಇಲ್ಲ. ಮುದ್ರೆ ಪ್ಯಾನೆಲ್ಲಿಗೆ ಬೀಳುತ್ತದೆಯೇ ಹೊರತು ಅದನ್ನು ಕೂರಿಸಿದವನಿಗೆ ಬೀಳುವುದಿಲ್ಲ.

ಇನ್ನು ಎರಡನೇ ಪಾಪ. ಟೆರೇಸಿನಿಂದ ಅಜ್ಜಿಯ ಬಚ್ಚಲಿಗೆ ಪೈಪು ಸುಮಾರು 27 ಮೀಟರ್. ಮುಕ್ಕಾಲಿಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 300 ಮಿಲಿಲೀಟರ್ ನೀರು ನಿಲ್ಲುತ್ತದೆ. ಅಂದರೆ ಎಂಟು ಲೀಟರ್ ತಣ್ಣೀರು ಹೊರಗೆ ಹೋದ ಮೇಲೇ ಬಿಸಿನೀರಿನ ಸರದಿ. ಆ ಪೈಪಿನ ಹೊರಗೋಡೆಯ ಭಾಗಕ್ಕೆ ಇನ್ಸುಲೇಷನ್ ಒಂದು ಇಂಚೂ ಇಲ್ಲ. 36 ಡಿಗ್ರಿಯಲ್ಲಿ ಹೊರಟದ್ದು ಅಜ್ಜಿಯ ತಲೆ ಮೇಲೆ ಬೀಳುವಾಗ 33.

ಈ ಲೆಕ್ಕವನ್ನೆಲ್ಲ ಗ್ರಾಫ್ ಮಾಡಿ ಕಾಂಟ್ರಾಕ್ಟರಿಗೆ ಕಳಿಸಿದೆ. ಬಂದ ಉತ್ತರಗಳು ಕ್ರಮವಾಗಿ ಹೀಗಿವೆ. "ಅದು ಪ್ಲಂಬರ್ ಮಾಡಿದ್ದು ಸಾರ್, ಅವ್ನು ಊರಿಗೆ ಹೋಗ್ಬಿಟ್ಟ." "ಡೀಲರ್ ಹುಡುಗ್ರೇ ಬಂದು ಫಿಟ್ ಮಾಡಿದ್ದು, ಅವರನ್ನ ಕೇಳಿ." ಡೀಲರಿಗೆ ಫೋನ್ ಮಾಡಿದರೆ, "ಕಂಪನಿ ವಾರಂಟಿ ಟ್ಯಾಂಕು ಪ್ಯಾನೆಲ್ಲಿಗೆ ಸಾರ್, ಸ್ಟ್ಯಾಂಡು ಪೈಪು ಎಲ್ಲ ಕಾಂಟ್ರಾಕ್ಟರ್‌ದು." ವಾಪಸ್ ಕಾಂಟ್ರಾಕ್ಟರು: "ಚಾಮರಾಜಪೇಟೆಲಿ ಬಿಸಿಲೇ ಕಮ್ಮಿ ಸಾರ್, ಅಕ್ಕಪಕ್ಕ ಬಿಲ್ಡಿಂಗು." ಕೊನೆಗೆ ಬ್ರಹ್ಮಾಸ್ತ್ರ: "ಒಂದು ಕೆಲ್ಸ ಮಾಡಿ, ಬ್ಯಾಕಪ್ ಆನ್ ಮಾಡ್ಕೊಂಬಿಡಿ. ಹೇಗೂ ಗೃಹಜ್ಯೋತಿ ಇದ್ಯಲ್ಲ, ಕರೆಂಟ್ ಫ್ರೀ!"

ಈ ಫ್ರೀ ಲೆಕ್ಕವನ್ನೂ ಮಾಡಿಬಿಡೋಣ. 200 ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 8.8 ಯೂನಿಟ್ ಬೇಕು. ದಿನಾ ಹಾಗೆ ಮಾಡಿದರೆ ತಿಂಗಳಿಗೆ 264. 2023ರಲ್ಲಿ ಶುರುವಾದ ಗೃಹಜ್ಯೋತಿಯ ಗರಿಷ್ಠ ಮಿತಿಯೇ 200 ಯೂನಿಟ್, ಅದೂ ಎಲ್ಲರಿಗೂ 200 ಸಿಗುವುದಿಲ್ಲ, ಅವರವರ ಹಿಂದಿನ ಬಳಕೆಯ ಸರಾಸರಿ ನೋಡಿ ಕೊಡುವುದು. ಸೂರ್ಯ ಪುಕ್ಕಟೆ ಕೊಡುವುದನ್ನು ರಾತ್ರಿ ಚೆಲ್ಲಿ, ಬೆಳಿಗ್ಗೆ ಸರ್ಕಾರದ ಕರೆಂಟಿನಿಂದ ತುಂಬಿಸಿಕೋ ಅನ್ನುವುದು ಯಾವ ಸೀಮೆಯ ರಿಪೇರಿ?

ಈಗ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ. ಒಬ್ಬ ಕಾಂಟ್ರಾಕ್ಟರನ್ನು ಬೈಯಲು ಇಷ್ಟುದ್ದ ಬರೆಯಬೇಕಿರಲಿಲ್ಲ.

2007ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿ, ನಗರಗಳಲ್ಲಿ ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ. ಹೀಟರ್ ಹಾಕಿಸಿದವರಿಗೆ ವರ್ಷಗಳ ಕಾಲ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಸಿಗುತ್ತಿತ್ತು. ಬೆಂಗಳೂರಿನ ಯಾವ ಟೆರೇಸ್ ಹತ್ತಿ ನಿಂತರೂ ಸುತ್ತ ಪ್ಯಾನೆಲ್ಲುಗಳ ಸಾಲು ಕಾಣುವುದಕ್ಕೆ ಆ ಆದೇಶವೂ ಒಂದು ಕಾರಣ. ಆದರೆ ಕಡ್ಡಾಯ ಮಾಡಿದ್ದು ಏನನ್ನು? ಹೀಟರ್ ಇರುವುದನ್ನು. ಬಿಸಿನೀರು ಬರುವುದನ್ನಲ್ಲ. ಕಾನೂನಿಗೆ ಪ್ಯಾನೆಲ್ ಬೇಕು, ನಮಗೆ ಬಿಸಿನೀರು ಬೇಕು. ಇವೆರಡರ ನಡುವಿನ ಜಾಗದಲ್ಲೇ ಇಂಥ ಕಾಂಟ್ರಾಕ್ಟರುಗಳು ಹೊಟ್ಟೆ ಹೊರೆಯುವುದು. ಕೊಟೇಶನ್ನಿನಲ್ಲಿ 'ಒಂದು' ಅಂತ ಇತ್ತು, ಒಂದು ಕೂರಿಸಿದ. ಅವನ ಪ್ರಕಾರ ಕೆಲಸ ಮುಗಿಯಿತು.

ಆದರೆ ಕಾನೂನಿಗಿಂತ ಹೆಚ್ಚಿನ ತಪ್ಪು ನಮ್ಮದು. ಹೌದು, ನಮ್ಮದು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮರ್ಯಾದಸ್ಥ ಮನೆಗಳದ್ದು! ಹತ್ತು ರೂಪಾಯಿ ಸೊಪ್ಪಿಗೆ ಗಾಂಧಿಬಜಾರಿನಲ್ಲಿ ಕಾಲು ಗಂಟೆ ಚೌಕಾಸಿ ಮಾಡುವ ನಾವು ಲಕ್ಷಗಟ್ಟಲೆ ಕೆಲಸದಲ್ಲಿ ಬಾಯಿ ಬಿಡುವುದಿಲ್ಲ. ಸೊಪ್ಪಿನಮ್ಮ ಬಡವಳು, ಅವಳ ಮುಂದೆ ನಮಗೆ ಧೈರ್ಯ. ಕಾಂಟ್ರಾಕ್ಟರ್ ಎಸ್‌ಯುವಿಯಲ್ಲಿ ಬರುತ್ತಾನೆ, ಅವನ ಮುಂದೆ ದಾಕ್ಷಿಣ್ಯ. "ಕೇಳಿದ್ರೆ ಏನಂದ್ಕೊಳ್ತಾನೋ", "ಗೊತ್ತಿರೋ ಹುಡುಗ", "ಶುಭ ಕಾರ್ಯದಲ್ಲಿ ದುಡ್ಡಿನ ಮಾತು ಯಾಕೆ". ನಮ್ಮ ಈ ದಾಕ್ಷಿಣ್ಯವೇ ಅವನ ಬಂಡವಾಳ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ' ಅನ್ನುವ ಮಾತಿದೆಯಲ್ಲ, ಅದನ್ನು ಬಸ್ಸಿನಲ್ಲಿ ಮೂರನೆಯವನಿಗೆ ಸೀಟು ಬಿಡಲು ಹೇಳಿದರೆ ಅದು ಒಳ್ಳೆಯತನ. ಪೂರ್ತಿ ದುಡ್ಡು ಎಣಿಸಿಕೊಂಡವನು ಅರ್ಧ ಕೆಲಸ ಮಾಡಿ ಹೇಳಿದರೆ ಅದು ವಸೂಲಿ. ನಮ್ಮ ಮನೆಯಲ್ಲಿ ಅಡ್ಜಸ್ಟ್ ಮಾಡಿಕೊಂಡದ್ದು ಯಾರು? ಅಪ್ಪನೂ ಅಲ್ಲ, ನಾನೂ ಅಲ್ಲ. ನಾನು ಆಫೀಸಿನ ಜಿಮ್ಮಿನಲ್ಲಿ ಸ್ನಾನ ಮಾಡುತ್ತಿದ್ದೆ. ಎಂಟು ತಿಂಗಳು ಪಾತ್ರೆ ಹೊತ್ತವರು ಅಮ್ಮ. ಮನೆಯಲ್ಲಿ 'ಅಡ್ಜಸ್ಟ್' ಅನ್ನುವ ಭಾರ ಕೊನೆಗೆ ಯಾರ ತಲೆ ಮೇಲೆ ಇಳಿಯುತ್ತದೆ ಅಂತ ನಿಮ್ಮ ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ.

ಅಜ್ಜಿಯ ಹಂಡೆಯ ಬಗ್ಗೆ ನನಗೆ ದೊಡ್ಡ ವ್ಯಾಮೋಹ ಏನಿಲ್ಲ. ಹೊಗೆ, ಮಸಿ, ಸೌದೆ ಡಿಪೋ ಓಡಾಟ, ಮರದ ಹೊಟ್ಟು ತುಂಬುವುದು, ಕಣ್ಣುರಿ... ಅದೆಲ್ಲ ಹೋದದ್ದು ಒಳ್ಳೆಯದೇ ಆಯಿತು. ಆದರೆ ಹಂಡೆಗೆ ಒಂದು ಗುಣ ಇತ್ತು. ಕೈಯದ್ದಿದರೆ ಕಾದಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಯಾರೂ ಯಾರಿಗೂ ಮೋಸ ಮಾಡುವಂತಿರಲಿಲ್ಲ. ಈಗ ನೀರು ಕಾಯುವುದು ಮೂರು ಮಹಡಿ ಮೇಲೆ, ಡಬ್ಬದೊಳಗೆ. ನೋಡಲು ಯಾರೂ ಹೋಗುವುದಿಲ್ಲ. ಹಾಗಾಗಿ ಅಳೆಯಬೇಕು.

ಕಾಂಟ್ರಾಕ್ಟರುಗಳ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಅನ್ಯಾಯ. ನನ್ನ ಸ್ನೇಹಿತನ ಮಾವ ಅದೇ ಕೆಲಸದಲ್ಲಿದ್ದಾರೆ. ಅವರು ಅಂದದ್ದು: "ನೀವು ಮನೆ ಕಟ್ಟಿಸೋರು ಚದರಡಿಗೆ ಐವತ್ತು ರೂಪಾಯಿ ಕಮ್ಮಿ ಹೇಳಿದವನಿಗೇ ಕೆಲಸ ಕೊಡ್ತೀರಿ. ಮಧ್ಯದಲ್ಲಿ ನೂರು ಸಲ ಪ್ಲಾನ್ ಬದಲಿಸ್ತೀರಿ. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ಏರಿರುತ್ತೆ. ಅವನು ಎಲ್ಲಿ ಉಳಿಸ್ಬೇಕು? ನಿಮ್ಮ ಕಣ್ಣಿಗೆ ಕಾಣದ ಕಡೆ." ನಿಜ. ಡ್ರಾಯಿಂಗ್ ರೂಮಿನ ಗ್ರಾನೈಟಿಗೆ ಮೂರು ಅಂಗಡಿ ಸುತ್ತಿದ ನಾನು ಬಿಸಿನೀರಿನ ಪೈಪಿಗೆ ಇನ್ಸುಲೇಷನ್ ಇದೆಯಾ ಅಂತ ಒಂದು ಸಲವೂ ಕೇಳಲಿಲ್ಲ. ಆದರೆ ದುಡ್ಡು ಸಾಲದಿದ್ದರೆ ಸಾಲದು ಅಂತ ಹೇಳಬಹುದಿತ್ತಲ್ಲ? ಎತ್ತರದ ಸ್ಟ್ಯಾಂಡಿಗೆ ಇಷ್ಟು ಹೆಚ್ಚಾಗುತ್ತೆ ಮೇಷ್ಟ್ರೇ ಅಂದಿದ್ದರೆ ಅಪ್ಪ ಕೊಡುತ್ತಿದ್ದರು. ಹೇಳದೆ ಕತ್ತರಿಸಿದ. ಅದನ್ನು ಮುಚ್ಚಲು ಬ್ಯಾಕಪ್ ಆನ್ ಮಾಡಿ ಒಪ್ಪಿಸಿದ. ಉಳಿತಾಯವನ್ನು ಕ್ಷಮಿಸಬಹುದು, ಆ ಸ್ವಿಚ್ಚನ್ನು ಹೇಗೆ ಕ್ಷಮಿಸೋದು?

"ಕೋರ್ಟು ಕಚೇರಿ ನಮ್ಮಂಥೋರಿಗಲ್ಲಪ್ಪ" ಅಂದರು ಅಪ್ಪ. ಇಲ್ಲೇ ನಮ್ಮಲ್ಲಿ ಬಹಳ ಜನ ನಿಲ್ಲುವುದು. ಹಾಗಾಗಿ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಮನೆ ಕಟ್ಟಿಕೊಡುವುದು ಒಂದು 'ಸೇವೆ', ಅದರಲ್ಲಿ ಕೊರತೆ ಇದ್ದರೆ ಗ್ರಾಹಕ ಕಾನೂನಿನಲ್ಲಿ ಪರಿಹಾರ ಇದೆ ಅಂತ ಸುಪ್ರೀಂ ಕೋರ್ಟು 1993ರಲ್ಲೇ, ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 1986ರ ಹಳೇ ಕಾಯ್ದೆಯ ಜಾಗದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ, ಅದರಲ್ಲೂ ಮನೆ ನಿರ್ಮಾಣ ಸೇವೆಯೇ. ನಾವು ದುಡ್ಡು ಕೊಟ್ಟದ್ದು ಕಾಂಟ್ರಾಕ್ಟರಿಗೆ, ಒಪ್ಪಂದ ಅವನ ಜೊತೆ, ಹಾಗಾಗಿ ಊರಿಗೆ ಹೋದ ಪ್ಲಂಬರನ್ನು ಹುಡುಕುವ ಜವಾಬ್ದಾರಿ ಅವನದ್ದು, ನಮ್ಮದಲ್ಲ. ಡೀಲರನ್ನೂ ಎರಡನೇ ಎದುರುದಾರ ಮಾಡಬಹುದು, ಒಬ್ಬರ ಮೇಲೊಬ್ಬರು ಬೆರಳು ತೋರಿಸುವ ಆಟವನ್ನು ಆಯೋಗದ ಮುಂದೆಯೇ ಆಡಲಿ. 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗಕ್ಕೆ ಬರುತ್ತದೆ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ನಾವೇ ಹೋಗಿ ಮಾತಾಡಬಹುದು. ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು, ಇದೊಂದು ಮರೆಯಬೇಡಿ. 'ಅಡ್ಜಸ್ಟ್' ಅನ್ನುವುದರ ಇನ್ನೊಂದು ಅರ್ಥ ಈ ಎರಡು ವರ್ಷ ಕಳೆಯುವುದು. ಮೊದಲು ಫೋನಿನಲ್ಲಿ ಕೇಳಿ ನೋಡೋಣ ಅಂದರೆ 1915 ಸಹಾಯವಾಣಿ ಇದೆ.

ಬೇಗ ಮುಗಿಯುತ್ತದಾ? ಕಾಯ್ದೆಯಲ್ಲಿ ಇರುವುದು ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು. ವಾಸ್ತವದಲ್ಲಿ ಅಷ್ಟರೊಳಗೆ ಮುಗಿದರೆ ಪುಣ್ಯ. ಸುಳ್ಳು ಆಸೆ ಕೊಡುವುದಿಲ್ಲ. ಆದರೆ ಸುಮ್ಮನೆ ಕೂತರೆ ಯಾವತ್ತೂ ಮುಗಿಯುವುದಿಲ್ಲವಲ್ಲ.

ಡಿಸೆಂಬರಿನಲ್ಲಿ ಮೂರು ಪುಟದ ನೋಟಿಸ್ ಬರೆದೆ. ಅಳತೆ, ಫೋಟೋ, ಹತ್ತು ದಿನದ ಲೆಕ್ಕ, ಒಪ್ಪಂದದ ನಕಲು. ಸ್ಟ್ಯಾಂಡ್ ಎತ್ತರಿಸಬೇಕು, ಪೈಪಿಗೆ ಇನ್ಸುಲೇಷನ್ ಹಾಕಬೇಕು, ಅಮ್ಮನ ಚಿಕಿತ್ಸೆಯ ಖರ್ಚು ಕೊಡಬೇಕು, 15 ದಿನದೊಳಗೆ. ಅಪ್ಪನ ಸಹಿ ಬೇಕಿತ್ತು, ಒಪ್ಪಂದ ಅವರ ಹೆಸರಲ್ಲಿದೆ. ಮೂರು ದಿನ ಆ ಹಾಳೆ ಪೂಜೆ ಮನೆ ಪಕ್ಕದ ಸ್ಟೂಲಿನ ಮೇಲೆ ಬಿದ್ದಿತ್ತು. "ನನ್ನ ಸ್ಟೂಡೆಂಟ್ ಮೇಲೆ ನಾನೇ ನೋಟಿಸ್ ಕೊಡೋದಾ" ಅನ್ನೋದೊಂದೇ ಅವರ ಮಾತು. ನಾನು ರೇಗಿದೆ, ಅಮ್ಮ ಸುಮ್ಮನಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಡ್ರೆಸ್ಸಿಂಗ್ ಬಿಚ್ಚಿದ ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದುದನ್ನು ಅಪ್ಪ ನೋಡುತ್ತ ಕೂತಿದ್ದರು. ಪೆನ್ನು ಕೇಳಿದರು.

ಸ್ಪೀಡ್ ಪೋಸ್ಟ್ ತಲುಪಿದ ಸಂಜೆಯೇ ಫೋನ್ ಬಂತು. ನನಗಲ್ಲ, ಅಪ್ಪನಿಗೆ. ಸ್ಪೀಕರ್ ಹಾಕಿ ಅಂದೆ.

"ಏನ್ ಮೇಷ್ಟ್ರೇ ಇದು, ನೋಟಿಸ್ಸು ಗೀಟಿಸ್ಸು. ನಾನು ನಿಮ್ಮ ಶಿಷ್ಯ. ನಿಮ್ಮ ಮಗ ಏನೋ ಕಂಪ್ಯೂಟರ್ ಲೆಕ್ಕ ಹಾಕ್ತಾನೆ ಅಂತ ನೀವೂ..."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲಿ ಅಂದರು, "ಫೇಲ್ ಆಗಿದ್ರೆ ನಾನೇ ಕೂರಿಸ್ಕೊಂಡು ಹೇಳಿಕೊಡ್ತಿದ್ದೆ ಕಣಯ್ಯ. ನೀನು ಕಾಪಿ ಹೊಡೆದು ಪಾಸ್ ಆದೆ. ಆ ಸ್ವಿಚ್ ಹಾಕಿ ನನ್ನ ಕೈಲಿ ಶಾಲು ಹೊದಿಸಿಕೊಂಡೆ."

ಫೋನ್ ಇಟ್ಟರು. ಆಮೇಲೆ ಊಟಕ್ಕೂ ಬರಲಿಲ್ಲ.

ಮುಂದಿನ ವಾರ ಇಬ್ಬರು ವೆಲ್ಡಿಂಗ್ ಹುಡುಗರು ಬಂದರು. ಎರಡೂ ಟ್ಯಾಂಕುಗಳನ್ನು ಒಂದೂವರೆ ಅಡಿ ಎತ್ತರಿಸಿದರು. ಈಗ ಸಂಜೆ 54 ಇದ್ದದ್ದು ಬೆಳಿಗ್ಗೆ 48 ಇರುತ್ತದೆ. ಒಂದೂವರೆ ಅಡಿ ಕಬ್ಬಿಣ ಸ್ವಾಮಿ! ಅಷ್ಟಕ್ಕೆ ಇಷ್ಟೆಲ್ಲ! ಪೈಪಿನ ಇನ್ಸುಲೇಷನ್ನಿಗೆ "ಮುಂದಿನ ತಿಂಗಳು" ಅಂದಿದ್ದಾನೆ. ಅಮ್ಮನ ಖರ್ಚಿನ ಬಗ್ಗೆ ಉಸಿರಿಲ್ಲ. ನೋಟಿಸಿನ ಗಡುವು ಮುಗಿದಿದೆ, ದೂರಿನ ಕರಡು ಸಿದ್ಧವಾಗಿದೆ. ಈ ಸಲ ಅಪ್ಪನೇ ಓದಿ ಎರಡು ಕಡೆ ಕಾಗುಣಿತ ತಿದ್ದಿದ್ದಾರೆ.

ಮನೆ ಕಟ್ಟಿಸುತ್ತಿರುವ ಗೆಳೆಯರಿಗೆ ಕೊನೆಯದಾಗಿ ಮೂರು ಮಾತು. ಕೊಟೇಶನ್ನಿನಲ್ಲಿ 'ಸೋಲಾರ್, ಒಂದು' ಅಂತ ಬರೆಯಲು ಬಿಡಬೇಡಿ. ಬ್ಯಾಕಪ್ ಆಫ್ ಇದ್ದು, ಬಿಸಿಲಿದ್ದ ದಿನದ ಮಾರನೇ ಬೆಳಿಗ್ಗೆ ಆರು ಗಂಟೆಗೆ, ಕೆಳಮನೆ ಬಚ್ಚಲಿನ ನಲ್ಲಿಯಲ್ಲಿ ಇಷ್ಟು ಡಿಗ್ರಿ ನೀರು ಬರಬೇಕು ಅಂತ ಬರೆಸಿ. ಹತ್ತರಲ್ಲಿ ಒಂದು ಪಾಲು ಹಣ ಆ ಪರೀಕ್ಷೆ ಮೂರು ದಿನ ಪಾಸಾಗುವವರೆಗೆ ನಿಮ್ಮ ಹತ್ತಿರವೇ ಇರಲಿ. ಶಾಲು ಬೇಕಾದರೆ ಎರಡು ಹೊದಿಸಿ, ಚೆಕ್ಕು ಮಾತ್ರ ಥರ್ಮಾಮೀಟರ್ ನೋಡಿ ಕೊಡಿ. ಸರ್ಕಾರಕ್ಕೂ ಇದನ್ನೇ ಹೇಳಬೇಕು: ಪ್ಯಾನೆಲ್ ಕಡ್ಡಾಯ ಮಾಡಿದ ಹಾಗೆ ಅದನ್ನು ಕೂರಿಸಿದವನ ಹೆಸರು, ಸಹಿ, ಸ್ಟ್ಯಾಂಡಿನ ಎತ್ತರ, ಒಂದು ಬೆಳಗಿನ ಡಿಗ್ರಿ ಇರುವ ಒಂದು ಹಾಳೆಯನ್ನೂ ಕಡ್ಡಾಯ ಮಾಡಲಿ. ಒಂದೇ ಹಾಳೆ.

ಈಗಾಗಲೇ ಮನೆ ಕಟ್ಟಿಸಿ ಕೂತವರು, ನಮ್ಮನೆ ಸೋಲಾರ್ ಸೂಪರ್ ಅಂತ ಬೀಗುವ ಮೊದಲು ಒಮ್ಮೆ ಮೆಟ್ಟಿಲು ಹತ್ತಿ, ಬ್ಯಾಕಪ್ ಸ್ವಿಚ್ ಆನ್ ಇದೆಯೋ ಆಫ್ ಇದೆಯೋ ನೋಡಿಕೊಂಡು ಬನ್ನಿ. ಆಮೇಲೆ ಮಾತಾಡೋಣ.